‘ಶುಗರ್ ಎಷ್ಟು?’ ಜೊತೆಗೆ ‘ನಾಡಿ ಎಷ್ಟು?’ ಎಂದೂ ಕೇಳಿ

ಊರಿನಲ್ಲಿರುವ ಅಪ್ಪ-ಅಮ್ಮನಿಗೆ ವಾರಕ್ಕೆ ಎರಡೋ ಮೂರೋ ಸಲ ಫೋನ್ ಮಾಡುವ ನಮ್ಮಂಥವರಿಗೆ ಕೆಲವು ಪ್ರಶ್ನೆಗಳು ಬಾಯಿಪಾಠ ಆಗಿಬಿಟ್ಟಿವೆ. ಊಟ ಆಯಿತಾ? ಮಳೆ ಬಂತಾ? ಗುಳಿಗೆ ತಗೊಂಡ್ರಾ? ಶುಗರ್ ಎಷ್ಟಿದೆ? ಕೊನೆಯ ಪ್ರಶ್ನೆಗೆ ಬರುವ ಉತ್ತರ ನೂರಮೂವತ್ತರ ಆಸುಪಾಸಿನಲ್ಲಿದ್ದರೆ ನಮಗೆ ಸಮಾಧಾನ. ಫೋನ್ ಇಟ್ಟು ಮುಂದಿನ ಮೀಟಿಂಗಿಗೆ ಹೋಗುತ್ತೇವೆ. ನಾನೂ ಹದಿನೈದು ವರ್ಷ ಪುಣೆಯಿಂದ ಧಾರವಾಡಕ್ಕೆ ಹೀಗೆಯೇ ಫೋನ್ ಮಾಡಿದವನು. ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ ಎಂದು ಗೊತ್ತಾದದ್ದು ಒಂದು ಹಳೆಯ ವಾಚಿನಿಂದ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ನನ್ನ ಹಳೆಯ ಸ್ಮಾರ್ಟ್‌ವಾಚನ್ನು ಅಪ್ಪನ ಕೈಗೆ ಕಟ್ಟಿ ಬಂದಿದ್ದೆ. ಅವರು ನಿವೃತ್ತ ಮಾಸ್ತರರು, ವಯಸ್ಸು 71. ಸಕ್ಕರೆ ಕಾಯಿಲೆ ಬಂದು 18 ವರ್ಷವಾಗಿದೆ. ದಿನಾ ಬೆಳಿಗ್ಗೆ ಎಷ್ಟು ಹೆಜ್ಜೆ ನಡೆದೆ ಎಂದು ಲೆಕ್ಕ ಇಡುವುದು ಅವರಿಗೆ ಬಹಳ ಖುಷಿ. ವಾಚಿನ ಖಾತೆ ನನ್ನ ಹೆಸರಿನಲ್ಲೇ ಇದ್ದುದರಿಂದ ಹೆಜ್ಜೆಗಳ ಜೊತೆಗೆ ಅವರ ನಾಡಿಯ ಲೆಕ್ಕವೂ ಪುಣೆಯಲ್ಲಿ ನನ್ನ ಫೋನಿಗೆ ಬರುತ್ತಿತ್ತು. ಒಂದು ವಾರ ನೋಡಿರಲಿಲ್ಲ. ಆಮೇಲೆ ಒಂದು ರಾತ್ರಿ ತೆರೆದು ನೋಡಿದೆ. ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 96. ಗಾಢ ನಿದ್ದೆಯ ಹೊತ್ತಾದ ರಾತ್ರಿ ಮೂರು ಗಂಟೆಗೂ 92. ನನ್ನದು ಅದೇ ಹೊತ್ತಿಗೆ 60ರ ಆಸುಪಾಸು.

ಬೆಳಿಗ್ಗೆ ಫೋನ್ ಮಾಡಿದೆ. ‘ನಾ ಆರಾಮ ಇದ್ದೀನಿ ತಮ್ಮಾ. ನಿನ್ನ ವಾಚಿಗೇ ಏನೋ ಆಗೇದ ನೋಡು’ ಎಂದು ಅಪ್ಪ ನಕ್ಕರು. ಶುಗರ್ ಎಷ್ಟು ಎಂದರೆ 128. ಹಿಂದಿನ ತಿಂಗಳು ಮಾಡಿಸಿದ ಎಚ್‌ಬಿಎ1ಸಿ 7.1. ಅವರ ವಯಸ್ಸಿಗೆ ಇದು ಒಳ್ಳೆಯ ಅಂಕವೇ. ಆದರೆ ಫೋನ್ ಅಮ್ಮನ ಕೈಗೆ ಹೋದಾಗ ಅವಳು ದನಿ ತಗ್ಗಿಸಿ ಹೇಳಿದಳು: ‘ಮೊನ್ನೆ ಹೂವು ಹರಿಲಿಕ್ಕೆ ಬಗ್ಗಿ ಎದ್ದವರು ತುಳಸಿಕಟ್ಟಿ ಹಿಡಕೊಂಡು ನಿಂತಬಿಟ್ರು. ಕಣ್ಣಿಗೆ ಕತ್ತಲಿ ಬಂದಂಗ ಆತಂತ. ನಿನಗ ಹೇಳಬ್ಯಾಡ ಅಂದಿದ್ರು.’

ಆಗ ನನಗೆ ನೆನಪಾದದ್ದು ಗದಗಿನ ಸೋದರಮಾವ. ಅವರಿಗೂ ಸಕ್ಕರೆ ಕಾಯಿಲೆ ಇತ್ತು. ಐದು ವರ್ಷಗಳ ಹಿಂದೆ ಎರಡು ದಿನ ‘ಗ್ಯಾಸ್ ಆಗೇದ’ ಎಂದು ಸೋಡಾ ಕುಡಿದುಕೊಂಡು, ಸುಸ್ತು ಎಂದು ಮಲಗಿದ್ದರು. ಮೂರನೇ ದಿನ ಇಸಿಜಿ ಮಾಡಿದಾಗ ಹೃದಯಾಘಾತ ಆಗಿ ಹೋಗಿತ್ತು ಎಂದು ಗೊತ್ತಾಯಿತು. ಎದೆನೋವು ಬಂದೇ ಇರಲಿಲ್ಲ. ಆಮೇಲೆ ಮೂರು ತಿಂಗಳು ಬದುಕಿದರು. ‘ನೋವೇ ಇಲ್ಲದೆ ಹಾರ್ಟ್ ಅಟ್ಯಾಕ್ ಹೆಂಗ ಆಗತದ?’ ಎಂದು ಮನೆಯವರೆಲ್ಲ ಕೇಳಿಕೊಂಡೆವು. ಯಾರಿಗೂ ಉತ್ತರ ಗೊತ್ತಿರಲಿಲ್ಲ. ಆ ಉತ್ತರಕ್ಕೂ ಅಪ್ಪನ 96ಕ್ಕೂ ಸಂಬಂಧ ಇರಬಹುದು ಎಂದು ತಿಳಿದದ್ದು ಮುಂದಿನ ವಾರ, ಹುಬ್ಬಳ್ಳಿಯ ಒಬ್ಬ ವೈದ್ಯರ ಕೋಣೆಯಲ್ಲಿ.

ಮಲಗಿಸಿ, ಎಬ್ಬಿಸಿ ನೋಡಿದ ಬಿಪಿ

ನಾನು ರಜೆ ಹಾಕಿ ರಾತ್ರಿ ಬಸ್ಸಿಗೆ ಹೊರಟೆ. ಆ ವೈದ್ಯರು ಮಾಡಿದ ಮೊದಲ ಕೆಲಸ ಬಹಳ ಸರಳವಾಗಿತ್ತು. ಅಪ್ಪನನ್ನು ಹತ್ತು ನಿಮಿಷ ಸುಮ್ಮನೆ ಮಲಗಿಸಿ ಬಿಪಿ, ನಾಡಿ ನೋಡಿದರು: ಬಿಪಿ 150/82, ನಾಡಿ 95. ಆಮೇಲೆ ಎದ್ದು ನಿಲ್ಲಲು ಹೇಳಿ, ಮೂರು ನಿಮಿಷದೊಳಗೆ ಮತ್ತೆ ನೋಡಿದರು: ಬಿಪಿ 118/70, ನಾಡಿ 98.

ಮಲಗಿದವರು ಎದ್ದು ನಿಂತಾಗ ಮೇಲಿನ ಬಿಪಿ 20 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಕೆಳಗಿನದು 10 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದು ಸಹಜವಲ್ಲ. ಅಪ್ಪನಿಗೆ ಮೇಲಿನದು 32 ಇಳಿದಿತ್ತು. ವೈದ್ಯರು ಗಮನಿಸಿದ್ದು ಬರೀ ಅದನ್ನಲ್ಲ. ಬಿಪಿ ಅಷ್ಟು ಇಳಿದರೆ ಹೃದಯ ತಕ್ಷಣ ಜೋರಾಗಿ ಬಡಿದು ಅದನ್ನು ಸರಿದೂಗಿಸಲು ನೋಡಬೇಕು. ಅಪ್ಪನ ನಾಡಿ ಏರಿದ್ದು ಮೂರೇ ಮೂರು. ಸುಮ್ಮನೆ ಕೂತಾಗ ಓಡುತ್ತಿದ್ದ ಹೃದಯ, ಓಡಬೇಕಾದಾಗ ಓಡಲಿಲ್ಲ.

ಆಮೇಲೆ ಇಸಿಜಿ ಹಚ್ಚಿ, ನಿಧಾನವಾಗಿ ಆಳವಾಗಿ ಉಸಿರಾಡಲು ಹೇಳಿದರು. ಐದು ಸೆಕೆಂಡು ಒಳಗೆ, ಐದು ಸೆಕೆಂಡು ಹೊರಗೆ, ನಿಮಿಷಕ್ಕೆ ಆರು ಉಸಿರು. ಉಸಿರು ಒಳಗೆಳೆದಾಗ ನಾಡಿ ತುಸು ಏರುವುದು, ಬಿಟ್ಟಾಗ ಇಳಿಯುವುದು ಆರೋಗ್ಯವಂತ ಹೃದಯದ ಲಕ್ಷಣ. ಈ ಏರಿಳಿತ ಸಾಮಾನ್ಯವಾಗಿ ನಿಮಿಷಕ್ಕೆ 15 ಬಡಿತಕ್ಕಿಂತ ಹೆಚ್ಚಿರುತ್ತದೆ. 10ಕ್ಕಿಂತ ಕಡಿಮೆಯಾದರೆ ಅನುಮಾನ ಪಡಬೇಕು. ವಯಸ್ಸಾದಂತೆ ಇದು ಕಡಿಮೆಯಾಗುತ್ತದೆ, ನಿಜ. ಆದರೆ ಅಪ್ಪನದು ಬರೀ 4 ಇತ್ತು.

‘ಮಾಸ್ತರ, ನಿಮ್ಮ ಹೃದಯ ಗಟ್ಟಿ ಅದ. ಅದಕ್ಕ ಹೋಗೋ ವೈರು ಸವದಾವ’ ಎಂದರು ವೈದ್ಯರು.

ವೈದ್ಯಕೀಯದಲ್ಲಿ ಇದರ ಹೆಸರು ಕಾರ್ಡಿಯಾಕ್ ಆಟೊನಾಮಿಕ್ ನ್ಯೂರೊಪಥಿ. ಹೃದಯವನ್ನು ನಮ್ಮ ಅರಿವಿಲ್ಲದೆಯೇ ನಿಯಂತ್ರಿಸುವ ನರಗಳಿಗೆ ಆದ ಹಾನಿ ಎಂದು ಅರ್ಥ. ಸಕ್ಕರೆ ಕಾಯಿಲೆಯಿಂದ ಕಣ್ಣು, ಮೂತ್ರಪಿಂಡ, ಪಾದಗಳಿಗೆ ತೊಂದರೆ ಆಗುತ್ತದೆ ಎಂದು ನಮಗೆಲ್ಲ ಗೊತ್ತು. ಪಾದದ ಸ್ಪರ್ಶಜ್ಞಾನ ಕಳೆಯುವ ಅದೇ ನರದ ಕಾಯಿಲೆ ಹೃದಯದ ನರಕ್ಕೂ ಬರುತ್ತದೆ ಎನ್ನುವುದು ಮಾತ್ರ ನಮ್ಮ ಮನೆಗಳ ಮಾತುಕತೆಯಲ್ಲಿ ಬಂದೇ ಇಲ್ಲ.

ಬ್ರೇಕು ಮತ್ತು ಕಪ್ಪೆ

ಹೃದಯಕ್ಕೆ ತನ್ನದೇ ತಾಳ ಇದೆ. ಯಾವ ನರದ ಸಂಪರ್ಕವೂ ಇಲ್ಲದೆ ಬಿಟ್ಟರೆ ಅದು ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ವಿಶ್ರಾಂತಿಯಲ್ಲಿ ನಮ್ಮ ನಾಡಿ 65–75ರಲ್ಲಿ ಇರಲು ಕಾರಣ ವೇಗಸ್ ಎಂಬ ನರ ಸದಾ ಹಾಕಿಕೊಂಡಿರುವ ಬ್ರೇಕು. ಮಿದುಳಿನ ಬುಡದಿಂದ ಹೊರಟು ಕುತ್ತಿಗೆ, ಎದೆ ದಾಟಿ ಹೊಟ್ಟೆಯವರೆಗೆ ಅಲೆದಾಡುವ ನರ ಅದು. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ಅಲೆಮಾರಿ ಎಂದೇ ಅರ್ಥ. ಇನ್ನೊಂದು ಕಡೆಯಿಂದ ಬರುವ ನರಗಳು ಆಕ್ಸಿಲರೇಟರ್ ಇದ್ದ ಹಾಗೆ. ಹೆದರಿದಾಗ, ಮೆಟ್ಟಿಲು ಹತ್ತಿದಾಗ ಅವು ಹೃದಯವನ್ನು ಓಡಿಸುತ್ತವೆ.

ಈ ಬ್ರೇಕು ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಿದ್ದು ಎರಡು ಕಪ್ಪೆಗಳ ಹೃದಯ. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿದ್ದ ಆಟೊ ಲೋವಿ ಎಂಬ ವಿಜ್ಞಾನಿ ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ವಿದ್ಯುತ್ತಿನಿಂದ ಕೆಣಕಿದರು. ಹೃದಯ ನಿಧಾನವಾಯಿತು. ಅದರ ಸುತ್ತಲಿನ ದ್ರವವನ್ನು ತೆಗೆದು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಯಾರೂ ಮುಟ್ಟದ ಆ ಎರಡನೇ ಹೃದಯವೂ ನಿಧಾನವಾಯಿತು! ನರ ಒಂದು ರಾಸಾಯನಿಕವನ್ನು ಸುರಿಸಿ ಹೃದಯದ ಜೊತೆ ಮಾತಾಡುತ್ತದೆ ಎಂದು ಹೀಗೆ ತಿಳಿಯಿತು. 1921ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 1936ರಲ್ಲಿ ಲೋವಿ ಅವರಿಗೆ ಇಂಗ್ಲೆಂಡಿನ ಹೆನ್ರಿ ಡೇಲ್ ಅವರ ಜೊತೆ ನೊಬೆಲ್ ಪ್ರಶಸ್ತಿ ಬಂತು.

ಸಕ್ಕರೆ ಕಾಯಿಲೆಯಲ್ಲಿ ನರದ ಹಾನಿ ಸಾಮಾನ್ಯವಾಗಿ ಉದ್ದದ ನರಗಳಿಂದ ಶುರುವಾಗುತ್ತದೆ. ಅದಕ್ಕೇ ಮೊದಲು ಜೋಮು ಹಿಡಿಯುವುದು ಕಾಲ್ಬೆರಳುಗಳಿಗೆ. ಸ್ವನಿಯಂತ್ರಿತ ನರಗಳಲ್ಲಿ ಅತಿ ಉದ್ದದ್ದು ಇದೇ ವೇಗಸ್. ಹಾಗಾಗಿ ಮೊದಲು ಸವೆಯುವುದು ಬ್ರೇಕು. ಆಕ್ಸಿಲರೇಟರ್ ಹಾಗೇ ಇರುತ್ತದೆ. ವಿಶ್ರಾಂತಿಯಲ್ಲೂ ನಾಡಿ 90, 100, ಕೆಲವರಲ್ಲಿ ಅದಕ್ಕೂ ಮೇಲೆ ಹೋಗುವುದು ಹೀಗೆ. ಕಾಯಿಲೆ ಇನ್ನೂ ಮುಂದುವರಿದರೆ ಆಕ್ಸಿಲರೇಟರ್ ನರಗಳೂ ಸೋಲುತ್ತವೆ. ಆಗ ನಾಡಿ ಸ್ವಲ್ಪ ಇಳಿದು, ನಡೆದರೂ ನಿಂತರೂ ಉಸಿರೆಳೆದರೂ ಒಂದೇ ಅಂಕಿಗೆ ಅಂಟಿಕೊಳ್ಳುತ್ತದೆ. ಅದನ್ನು ಗುಣವಾಯಿತು ಎಂದು ತಿಳಿಯಬಾರದು.

96 ಆದರೆ ಏನಾಯಿತು?

‘ನಾರ್ಮಲ್ ಅಂದರ 60ರಿಂದ 100 ಅಂತ ಪುಸ್ತಕದಾಗೇ ಅದ. ನಂದು ಅದರೊಳಗೇ ಅದಲ್ಲ?’ ಎಂದು ಅಪ್ಪ ವೈದ್ಯರನ್ನೇ ಕೇಳಿದರು. ಮಾಸ್ತರರ ಪ್ರಶ್ನೆ ಸರಿಯೇ. ವಯಸ್ಕರಲ್ಲಿ ವಿಶ್ರಾಂತಿ ನಾಡಿ 60–100 ಇದ್ದರೆ ಸಹಜ, 100 ದಾಟಿದರೆ ವೇಗದ ನಾಡಿ ಎನ್ನುವುದು ಎಲ್ಲ ಕಡೆ ಒಪ್ಪಿದ ಲೆಕ್ಕ. ಆದರೆ 100 ಎನ್ನುವುದು ಒಂದು ಗೆರೆ, ಗೋಡೆ ಅಲ್ಲ. ತಿಂಗಳುಗಟ್ಟಲೆ, ನಿದ್ದೆಯಲ್ಲೂ ಇಳಿಯದೆ 90ರ ಮೇಲೆ ಇರುವ ನಾಡಿಗೆ ಕಾರಣ ಹುಡುಕಲೇಬೇಕು.

ಸಾಫ್ಟ್‌ವೇರ್ ಕೆಲಸದವರಿಗೆ ಇದು ಬೇಗ ಅರ್ಥವಾಗುತ್ತದೆ. ಯಾವ ಬಳಕೆದಾರರೂ ಇಲ್ಲದ ಅಪರಾತ್ರಿಯಲ್ಲಿ ಸರ್ವರಿನ ಸಿಪಿಯು ಎಪ್ಪತ್ತು ಪರ್ಸೆಂಟ್ ತೋರಿಸುತ್ತಿದ್ದರೆ ‘ಇನ್ನೂ ನೂರು ಆಗಿಲ್ಲವಲ್ಲ’ ಎಂದು ಯಾರೂ ಸುಮ್ಮನಿರುವುದಿಲ್ಲ. ಒಳಗೆ ಏನು ಓಡುತ್ತಿದೆ ಎಂದು ನೋಡುತ್ತೇವೆ.

ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 72ರಂತೆ ದಿನಕ್ಕೆ 1,03,680 ಬಡಿತ. 96ರಂತೆ 1,38,240. ದಿನಕ್ಕೆ ಮೂವತ್ತನಾಲ್ಕು ಸಾವಿರಕ್ಕೂ ಹೆಚ್ಚು ಬಡಿತ ಜಾಸ್ತಿ. ಇನ್ನೊಂದು ಸಂಗತಿ ಇದೆ. ಹೃದಯದ ಸ್ನಾಯುವಿಗೆ ರಕ್ತ ಸಿಗುವುದು ಮುಖ್ಯವಾಗಿ ಎರಡು ಬಡಿತಗಳ ನಡುವೆ ಅದು ಸಡಿಲವಾದಾಗ. ನಾಡಿ ಏರಿದಂತೆ ಆ ಬಿಡುವು ಕಡಿಮೆಯಾಗುತ್ತದೆ. ಕೆಲಸ ಹೆಚ್ಚು, ಊಟದ ಹೊತ್ತು ಕಡಿಮೆ. ಸಕ್ಕರೆ ಕಾಯಿಲೆಯವರಲ್ಲಿ ರಕ್ತನಾಳಗಳು ಮೊದಲೇ ಕಿರಿದಾಗಿರುವ ಸಾಧ್ಯತೆ ಇರುವುದರಿಂದ ಇದು ಹಗುರವಾದ ವಿಷಯವಲ್ಲ.

ಗದಗಿನ ಮಾವನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಹೃದಯಕ್ಕೆ ರಕ್ತ ಸಾಲದೆ ಹೋದಾಗ ನೋವಿನ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದೂ ಇಂಥ ನರಗಳೇ. ಅವು ಹಾಳಾದರೆ ಬೆಂಕಿ ಬಿದ್ದರೂ ಗಂಟೆ ಬಾರಿಸುವುದಿಲ್ಲ. ಎದೆನೋವಿನ ಬದಲು ಕಾರಣವಿಲ್ಲದ ಸುಸ್ತು, ಬೆವರು, ಏದುಸಿರು, ಹೊಟ್ಟೆ ತೊಳಸು ಅಷ್ಟೇ ಬರಬಹುದು. ಏನೂ ಬರದೆಯೂ ಇರಬಹುದು. ಮಾವನಿಗೆ ಹೀಗೇ ಆಗಿತ್ತು ಎಂದು ಈಗ ಖಚಿತವಾಗಿ ಹೇಳಲು ಬರುವುದಿಲ್ಲ. ಆದರೆ ಸಕ್ಕರೆ ಕಾಯಿಲೆ ಇದ್ದವರ ‘ಗ್ಯಾಸ್’ ಅನ್ನು ನಾನು ಇನ್ನೆಂದೂ ಬರೀ ಗ್ಯಾಸ್ ಎಂದುಕೊಳ್ಳುವುದಿಲ್ಲ.

ಇದನ್ನು ಮೊದಲು ಗಂಭೀರವಾಗಿ ಅಳೆದವರಲ್ಲಿ ಎಡಿನ್‌ಬರೊದ ಯೂಯಿಂಗ್ ಮತ್ತು ಕ್ಲಾರ್ಕ್ ಎಂಬ ವೈದ್ಯರು ಮುಖ್ಯರು. ಆಳವಾದ ಉಸಿರು, ಎದ್ದು ನಿಲ್ಲುವುದು, ಬಿಗಿಹಿಡಿದು ಊದುವುದು, ಮುಷ್ಟಿ ಬಿಗಿಯುವುದು ಮುಂತಾದ ಐದು ಸರಳ ಪರೀಕ್ಷೆಗಳನ್ನು ಅವರು 1970–80ರ ದಶಕಗಳಲ್ಲಿ ರೂಢಿಗೆ ತಂದರು. ಹುಬ್ಬಳ್ಳಿಯ ವೈದ್ಯರು ಅಪ್ಪನಿಗೆ ಮಾಡಿದ್ದೂ ಅವುಗಳಲ್ಲಿ ಕೆಲವನ್ನೇ. ಲಕ್ಷಣಗಳು ಕಾಣಿಸಿಕೊಳ್ಳುವಷ್ಟು ಮುಂದುವರಿದಿದ್ದ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಐದು ವರ್ಷಗಳಲ್ಲಿ ತೀರಿಕೊಂಡಿದ್ದನ್ನು ಆ ತಂಡ 1980ರಲ್ಲಿ ವರದಿ ಮಾಡಿತ್ತು. ಅದು ಇಂದಿನ ಔಷಧಗಳಿಲ್ಲದ ಕಾಲದ, ಬಹಳ ಕಾಯಿಲೆಯಾಗಿದ್ದವರ ಲೆಕ್ಕ. ಇಂದು ನಮ್ಮ ಮನೆಯವರಿಗೆ ಅದನ್ನು ಹಾಗೇ ಅನ್ವಯಿಸಿ ಹೆದರಬೇಕಿಲ್ಲ. ಲಕ್ಷಣ ಬರುವವರೆಗೆ ಕಾಯಬಾರದು ಎನ್ನುವ ಪಾಠ ಮಾತ್ರ ಹಳೆಯದಾಗಿಲ್ಲ.

ಎಲ್ಲಕ್ಕೂ ನರವೇ ಕಾರಣ ಅಲ್ಲ

ಇಲ್ಲಿ ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆ ಇದ್ದವರ ನಾಡಿ ಏರಲು ಬೇರೆ ಕಾರಣಗಳು ಬಹಳ ಇವೆ, ಹಲವು ಸುಲಭವಾಗಿ ಸರಿಹೋಗುವಂಥವು. ನರದ ಮೇಲೆ ತಪ್ಪು ಹೊರಿಸುವ ಮೊದಲು ವೈದ್ಯರು ಅವನ್ನೆಲ್ಲ ನೋಡುತ್ತಾರೆ.

ರಕ್ತದಲ್ಲಿ ಸಕ್ಕರೆ ಬಹಳ ಏರಿದರೆ ಮೂತ್ರದಲ್ಲಿ ನೀರು ಹೋಗಿ ಮೈ ಒಣಗುತ್ತದೆ, ನಾಡಿ ಏರುತ್ತದೆ. ಜ್ವರ, ಮೂತ್ರದ ಸೋಂಕು, ಕಾಲಿನ ಹುಣ್ಣು ಇದ್ದರೂ ಹಾಗೆಯೇ. ರಕ್ತಹೀನತೆ ಇನ್ನೊಂದು ಕಾರಣ. ಮೂತ್ರಪಿಂಡ ಸೋಲುತ್ತಿರುವವರಲ್ಲಿ ಅದು ಸಾಮಾನ್ಯ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದರೂ ನಾಡಿ ಓಡುತ್ತದೆ. ನಾಡಿ ವೇಗವಾಗಿರುವುದಷ್ಟೇ ಅಲ್ಲ, ತಾಳ ತಪ್ಪಿ ಬಡಿಯುತ್ತಿದ್ದರೆ ಅದು ಏಟ್ರಿಯಲ್ ಫಿಬ್ರಿಲೇಶನ್ ಇರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಇದರ ಸಾಧ್ಯತೆ ಹೆಚ್ಚು, ಪಾರ್ಶ್ವವಾಯುವಿನ ಭಯವೂ ಇರುವುದರಿಂದ ಇಸಿಜಿ ಬೇಕೇಬೇಕು.

ಸಕ್ಕರೆ ಇಳಿದಾಗಲೂ ನಾಡಿ ಹಾರುತ್ತದೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಬಂದರೆ ದೇಹ ಅಡ್ರಿನಲಿನ್ ಸುರಿಸುತ್ತದೆ. ಎದೆ ಡವಡವ, ಕೈ ನಡುಕ, ಬೆವರು. ಆಗ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಏರದಿದ್ದರೆ ಇನ್ನೊಮ್ಮೆ ಕುಡಿಯಬೇಕು. ನರದ ಹಾನಿ ಇದ್ದವರಲ್ಲಿ ಈ ಎಚ್ಚರಿಕೆಯ ಲಕ್ಷಣಗಳೂ ಮಂಕಾಗಬಹುದು.

ಔಷಧಗಳ ಪಟ್ಟಿಯನ್ನೂ ನೋಡಬೇಕು. ಉಬ್ಬಸಕ್ಕೆ ಎಳೆಯುವ ಕೆಲವು ಇನ್‌ಹೇಲರ್‌ಗಳು ನಾಡಿ ಏರಿಸುತ್ತವೆ. ತೂಕ ಮತ್ತು ಸಕ್ಕರೆ ಇಳಿಸಲು ಈಗ ಮಹಾನಗರಗಳಲ್ಲಿ ಬಹಳ ಮಾತಾಗಿರುವ ಸೆಮಗ್ಲುಟೈಡ್‌ನಂಥ ಚುಚ್ಚುಮದ್ದುಗಳೂ ವಿಶ್ರಾಂತಿ ನಾಡಿಯನ್ನು ಕೆಲವು ಬಡಿತ ಹೆಚ್ಚಿಸುತ್ತವೆ. ಅದಕ್ಕಾಗಿ ಹೆದರಿ ಬಿಡಬೇಕೆಂದಿಲ್ಲ, ಹೃದಯಕ್ಕೆ ಅವುಗಳಿಂದ ಆಗುವ ಲಾಭವೂ ದಾಖಲಾಗಿದೆ. ವೈದ್ಯರಿಗೆ ತಿಳಿಸಿದರೆ ಸಾಕು. ಇನ್ನುಳಿದವು ನಮಗೆ ಗೊತ್ತಿರುವವೇ: ತಂಬಾಕು, ಅತಿಯಾದ ಕಾಫಿ, ಮದ್ಯ, ನಿದ್ದೆಗೇಡು, ಗೊರಕೆಯ ಜೊತೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ, ವ್ಯಾಯಾಮ ಇಲ್ಲದ ಮೈ.

ಅಪ್ಪನ ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ ಕೂಡ ಸರಿಯಿತ್ತು. ಇಸಿಜಿಯಲ್ಲಿ ತಾಳ ತಪ್ಪಿರಲಿಲ್ಲ. ಎಕೋ ಪರೀಕ್ಷೆಯಲ್ಲಿ ಹೃದಯದ ಬಲ ಚೆನ್ನಾಗಿತ್ತು. ಸಿಕ್ಕಿಬಿದ್ದದ್ದು ಬೇರೆಯೇ. ಸಕ್ಕರೆಗೆ ಒಬ್ಬ ವೈದ್ಯರು, ಬಿಪಿಗೆ ಇನ್ನೊಬ್ಬರು, ಪ್ರಾಸ್ಟೇಟಿಗೆ ಮತ್ತೊಬ್ಬರು. ಮೂರು ಚೀಟಿ, ಎಂಟು ಗುಳಿಗೆ. ಎಂಟನ್ನೂ ಒಂದೇ ಮೇಜಿನ ಮೇಲೆ ಇಟ್ಟು ಯಾರೂ ನೋಡಿರಲಿಲ್ಲ. ಪ್ರಾಸ್ಟೇಟಿಗೆ ಕೊಡುವ ಕೆಲವು ಗುಳಿಗೆಗಳು ಎದ್ದು ನಿಂತಾಗ ಬಿಪಿಯನ್ನು ಇನ್ನಷ್ಟು ಇಳಿಸುತ್ತವೆ. ನರ ಸೋತವರಿಗೆ ಅದು ತಲೆ ತಿರುಗಿ ಬೀಳಲು ಸಾಕು. ವೈದ್ಯರು ಅದನ್ನು ಬದಲಿಸಿ, ಬಿಪಿ ಗುಳಿಗೆಯ ಹೊತ್ತನ್ನೂ ಪ್ರಮಾಣವನ್ನೂ ಸರಿಪಡಿಸಿದರು. ಇಂಥ ಬದಲಾವಣೆಯನ್ನು ನಾವಾಗಿ ಮಾಡಬಾರದು. ಆದರೆ ಎಲ್ಲ ಗುಳಿಗೆಗಳ ಫೋಟೋ ತೆಗೆದು ಒಬ್ಬ ವೈದ್ಯರ ಮುಂದೆ ಇಡುವ ಕೆಲಸ ಮಗ-ಮಗಳಾದ ನಮ್ಮದು. ಇದನ್ನು ದೂರದಿಂದಲೂ ಮಾಡಬಹುದು.

ನಾಡಿ ಇಳಿಸುವ ಗುಳಿಗೆ ಕೊಟ್ಟರೆ ಆಯಿತಲ್ಲ?

ಅಪ್ಪ ಇದನ್ನೂ ಕೇಳಿದರು. ಬೀಟಾ ಬ್ಲಾಕರ್ ಎಂಬ ಗುಳಿಗೆಗಳಿವೆ, ನಾಡಿ ಇಳಿಸುತ್ತವೆ. ಕೆಲವರಿಗೆ, ಮುಖ್ಯವಾಗಿ ಹೃದಯಾಘಾತ ಆದವರಿಗೆ, ಅವು ಬೇಕಾಗುತ್ತವೆ. ಆದರೆ ಅವು ಸವೆದ ನರವನ್ನು ಸರಿಪಡಿಸುವುದಿಲ್ಲ. ಸಕ್ಕರೆ ಇಳಿದಾಗ ಬರುವ ಎದೆಬಡಿತ ಎನ್ನುವ ಎಚ್ಚರಿಕೆಯನ್ನೂ ಅವು ಮುಚ್ಚಿಬಿಡಬಹುದು. ‘ನಾಡಿ ಸುದ್ದಿ ತಂದವನು ಮಾಸ್ತರ, ಅವನ್ನ ಹೊಡದು ಏನು ಮಾಡೂದು?’ ಎಂದರು ವೈದ್ಯರು.

ಹಾಗಾದರೆ ಮಾಡುವುದೇನು? ಇದಕ್ಕೆ ಒಳ್ಳೆಯ ಉತ್ತರ ಡೆನ್ಮಾರ್ಕಿನ ಸ್ಟೆನೊ-2 ಎಂಬ ಅಧ್ಯಯನದಲ್ಲಿದೆ. ಟೈಪ್ 2 ಸಕ್ಕರೆ ಕಾಯಿಲೆಯ ಜೊತೆ ಮೂತ್ರದಲ್ಲಿ ಪ್ರೋಟೀನ್ ಸೋರಲು ಶುರುವಾಗಿದ್ದ 160 ಜನರನ್ನು ಎರಡು ಗುಂಪು ಮಾಡಿ ಸುಮಾರು ಎಂಟು ವರ್ಷ ನೋಡಿಕೊಂಡರು. ಒಂದು ಗುಂಪಿಗೆ ಆಗಿನ ರೂಢಿಯ ಚಿಕಿತ್ಸೆ. ಇನ್ನೊಂದಕ್ಕೆ ಸಕ್ಕರೆ, ಬಿಪಿ, ಕೊಲೆಸ್ಟರಾಲ್ ಔಷಧಗಳ ಜೊತೆ ಆಹಾರ, ವ್ಯಾಯಾಮ, ಧೂಮಪಾನ ಬಿಡಿಸುವುದು ಎಲ್ಲವೂ ಒಟ್ಟಿಗೆ. 2003ರಲ್ಲಿ ಬಂದ ಫಲಿತಾಂಶದಲ್ಲಿ ಎರಡನೇ ಗುಂಪಿನವರಿಗೆ ಹೃದಯ-ರಕ್ತನಾಳದ ಆಘಾತಗಳ ಅಪಾಯ ಸುಮಾರು ಅರ್ಧಕ್ಕೆ ಇಳಿದಿತ್ತು. ಸ್ವನಿಯಂತ್ರಿತ ನರಗಳ ಹಾನಿ ಮುಂದುವರಿಯುವ ಅಪಾಯ ಶೇಕಡಾ 60ಕ್ಕಿಂತ ಹೆಚ್ಚು ಕಡಿಮೆಯಾಗಿತ್ತು. ಸವೆದದ್ದು ಪೂರ್ತಿ ಹಿಂದಕ್ಕೆ ಬರುವುದು ಕಷ್ಟ, ಆದರೆ ಸವೆತವನ್ನು ನಿಧಾನ ಮಾಡಬಹುದು. ಅದೂ ಸಕ್ಕರೆ ಒಂದನ್ನೇ ಹಿಡಿದು ಕೂತರೆ ಸಾಲದು.

ಸಕ್ಕರೆಯನ್ನು ಅವಸರದಲ್ಲಿ ಒತ್ತಿ ಇಳಿಸುವುದೂ ತಪ್ಪು. ಅಮೆರಿಕ ಮತ್ತು ಕೆನಡಾದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಕಾರ್ಡ್ ಅಧ್ಯಯನದಲ್ಲಿ ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗೆ ತರಲು ಹೊರಟ ಗುಂಪಿನಲ್ಲಿ ಸಾವುಗಳು ಹೆಚ್ಚಾಗಿ, 2008ರಲ್ಲಿ ಆ ತೀವ್ರ ಚಿಕಿತ್ಸೆಯನ್ನೇ ನಿಲ್ಲಿಸಬೇಕಾಯಿತು. ವಯಸ್ಸಾದವರಿಗೆ, ಕಾಯಿಲೆ ಹಳೆಯದಾದವರಿಗೆ ಗುರಿ ಎಷ್ಟಿರಬೇಕು ಎಂಬುದನ್ನು ಅವರ ವೈದ್ಯರೇ ಹೇಳಬೇಕು. ಫೋನಿನಲ್ಲಿ ‘7.1 ಯಾಕೆ, 6 ಆಗಬೇಕು’ ಎಂದು ಅಪ್ಪನಿಗೆ ನಾನು ಎಷ್ಟೋ ಸಲ ಗದರಿಸಿದ್ದೇನೆ. ಈಗ ಬಿಟ್ಟಿದ್ದೇನೆ.

ನಡಿಗೆ ನಿಲ್ಲಿಸಬೇಕಿಲ್ಲ. ನಿಯಮಿತ ನಡಿಗೆ ನಾಡಿಗೂ ಒಳ್ಳೆಯದೇ. ಆದರೆ ಈ ಹಾನಿ ಇರುವವರು ಹೊಸದಾಗಿ ಜೋರಿನ ವ್ಯಾಯಾಮ ಶುರು ಮಾಡುವ ಮುನ್ನ ಹೃದಯದ ಪರೀಕ್ಷೆ ಮಾಡಿಸಿಕೊಳ್ಳಬೇಕು. ‘ನಾಡಿ ಇಷ್ಟಕ್ಕೆ ಏರಬೇಕು’ ಎನ್ನುವ ವಾಚಿನ ಗುರಿ ಇವರಿಗೆ ಹೊಂದುವುದಿಲ್ಲ. ನಡೆಯುತ್ತಾ ಮಾತಾಡಲು ಸಾಧ್ಯವಾಗುವಷ್ಟು ವೇಗ ಸಾಕು. ಹಾಸಿಗೆಯಿಂದ ಏಳುವಾಗ ಮೊದಲು ಅಂಚಿನಲ್ಲಿ ಒಂದೆರಡು ನಿಮಿಷ ಕೂತು, ಮೀನಖಂಡ ಬಿಗಿದು ಬಿಟ್ಟು, ಆಮೇಲೆ ಏಳಬೇಕು. ಯಾವುದೇ ಶಸ್ತ್ರಚಿಕಿತ್ಸೆ, ಕಣ್ಣಿನ ಪೊರೆಯದೇ ಆಗಲಿ, ಅದಕ್ಕೆ ಮುಂಚೆ ಅರಿವಳಿಕೆ ವೈದ್ಯರಿಗೆ ಈ ವಿಷಯ ಹೇಳಿರಬೇಕು.

ನಮ್ಮ ಕಥೆ ಏನು?

ಇದು ಊರಲ್ಲಿರುವ ಹಿರಿಯರ ಸಮಸ್ಯೆ ಎಂದು ನಾವು ಪಾರಾಗುವಂತಿಲ್ಲ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಐಸಿಎಂಆರ್ ಜೊತೆ ಸೇರಿ ದೇಶದ ಎಲ್ಲ ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. ಅದರ ಅಂದಾಜಿನಂತೆ ಭಾರತದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ, ಅದರ ಹೊಸ್ತಿಲಲ್ಲಿ ಇರುವವರು 13.6 ಕೋಟಿ. ನಗರಗಳಲ್ಲಿ ಕಾಯಿಲೆಯ ಪ್ರಮಾಣ ಶೇಕಡಾ 16.4, ಹಳ್ಳಿಗಳಲ್ಲಿ 8.9. ಅಂದರೆ ನಗರ ಸೇರಿದ ನಾವು ಹೆಚ್ಚು ಅಪಾಯದ ಕಡೆಗೇ ಬಂದಿದ್ದೇವೆ. ಅಪ್ಪನ ಪರೀಕ್ಷೆ ಮುಗಿದ ಮೇಲೆ ನಾನೂ ರಕ್ತ ಕೊಟ್ಟೆ. ನನ್ನ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರವರೆಗೆ ಹೊಸ್ತಿಲು. ನಾನೂ ಆ 13.6 ಕೋಟಿಯಲ್ಲಿ ಒಬ್ಬ.

ಟೈಪ್ 2 ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಅದು ಎಷ್ಟೋ ವರ್ಷ ಸದ್ದಿಲ್ಲದೆ ಒಳಗೆ ಇದ್ದಿರಬಹುದು. ಅದಕ್ಕೇ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಶನ್ ನರದ ಹಾನಿಯ ತಪಾಸಣೆಯನ್ನು ಟೈಪ್ 2 ಇರುವವರಲ್ಲಿ ಕಾಯಿಲೆ ಗೊತ್ತಾದ ದಿನದಿಂದಲೇ ಶುರು ಮಾಡಬೇಕು ಎನ್ನುತ್ತದೆ. ಹದಿನೆಂಟು ವರ್ಷದಲ್ಲಿ ಅಪ್ಪನಿಗೆ ಒಮ್ಮೆಯೂ ನಿಲ್ಲಿಸಿ ಬಿಪಿ ನೋಡಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಮನೆಯಲ್ಲೇ ನೋಡುವುದು ಹೇಗೆ?

ವಾಚು ಬೇಕೆಂದೇನಿಲ್ಲ. ಕಾಫಿ, ಚಹಾಕ್ಕೆ ಮೊದಲು, ಐದು ನಿಮಿಷ ಸುಮ್ಮನೆ ಕೂತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ತೋರುಬೆರಳು, ಮಧ್ಯದ ಬೆರಳು ಇಟ್ಟು ನಾಡಿ ಹಿಡಿಯಬೇಕು. ಹೆಬ್ಬೆರಳಿನಿಂದ ಹಿಡಿಯಬಾರದು, ಅದರದ್ದೇ ನಾಡಿ ಗೊಂದಲ ಮಾಡುತ್ತದೆ. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ತಾಳ ತಪ್ಪಿದಂತೆ ಅನಿಸಿದರೆ ಪೂರ್ತಿ ಒಂದು ನಿಮಿಷ ಎಣಿಸಿ. ಒಂದು ದಿನದ ಅಂಕಿಗೆ ಬೆಲೆ ಇಲ್ಲ, ಒಂದು ವಾರ ಬರೆದಿಡಿ. ಹೆಚ್ಚಿನ ದಿನ 90ರ ಮೇಲಿದ್ದರೆ ಆ ಚೀಟಿ ಹಿಡಿದು ವೈದ್ಯರ ಹತ್ತಿರ ಹೋಗಿ. 100ರ ಮೇಲಿದ್ದರೆ ತಡ ಮಾಡಬೇಡಿ.

ಸ್ಮಾರ್ಟ್‌ವಾಚು ಚರ್ಮದೊಳಗೆ ಹಸಿರು ಬೆಳಕು ಬಿಟ್ಟು, ರಕ್ತದ ಹರಿವಿನ ಏರಿಳಿತದಿಂದ ನಾಡಿ ಲೆಕ್ಕ ಹಾಕುತ್ತದೆ. ಪಟ್ಟಿ ಸಡಿಲವಾಗಿದ್ದರೆ, ಕೈ ಅಲುಗಾಡಿದರೆ ತಪ್ಪಬಹುದು. ವಾರಗಟ್ಟಲೆಯ ಒಲವು ತಿಳಿಯಲು ಅದು ಒಳ್ಳೆಯದು, ರೋಗ ನಿರ್ಧಾರಕ್ಕೆ ಅಲ್ಲ. ಅಪ್ಪನ ವಾಚನ್ನೂ ಬೆರಳಿನ ಲೆಕ್ಕದ ಜೊತೆ ಹೋಲಿಸಿಯೇ ನಂಬಿದ್ದು.

ಮನೆಯಲ್ಲಿ ಬಿಪಿ ಯಂತ್ರ ಇದ್ದರೆ ಮಲಗಿದಾಗ ಒಮ್ಮೆ, ಎದ್ದು ನಿಂತು ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಒಮ್ಮೆ ನೋಡಬಹುದು. ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರು ಇರಲಿ.

ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳೂ ಇವೆ. ಎದ್ದಾಗ ಕಣ್ಣು ಕತ್ತಲೆ ಬರುತ್ತದೆಯಾ? ಸ್ವಲ್ಪ ಉಂಡರೂ ಹೊಟ್ಟೆ ಉಬ್ಬಿದಂತಾಗುತ್ತದೆಯಾ? ಊಟ ಮಾಡುವಾಗ ಮುಖ ವಿಪರೀತ ಬೆವರುತ್ತದೆಯಾ? ಮೂತ್ರ ಪೂರ್ತಿ ಹೋಗದ ಹಾಗೆ ಅನಿಸುತ್ತದೆಯಾ? ಇವೆಲ್ಲ ಬೇರೆ ಬೇರೆ ಕಾಯಿಲೆಗಳಂತೆ ಕಂಡರೂ ಇದೇ ನರಗಳ ತೊಂದರೆ ಇರಬಹುದು. ನಮ್ಮ ಹಿರಿಯರು ಇವನ್ನೆಲ್ಲ ‘ವಯಸ್ಸಾತಲ್ಲ’ ಎಂದು ಮುಚ್ಚಿಟ್ಟುಕೊಂಡಿರುತ್ತಾರೆ. ಅಪ್ಪನನ್ನು ಕೇಳಬೇಡಿ, ಅಮ್ಮನನ್ನು ಕೇಳಿ!

ಮತ್ತೆ ಇದು ತುರ್ತು: ನಾಡಿ ಓಟದ ಜೊತೆ ಎದೆ ಬಿಗಿತ, ಏದುಸಿರು, ತಣ್ಣನೆಯ ಬೆವರು, ತಲೆ ತಿರುಗಿ ಬೀಳುವುದು, ಅಥವಾ ಸಕ್ಕರೆ ಬಹಳ ಏರಿ ವಾಂತಿ ಆಗುವುದು. ಆಗ ಅಪಾಯಿಂಟ್‌ಮೆಂಟಿಗೆ ಕಾಯದೆ 108ಕ್ಕೆ ಫೋನ್ ಮಾಡಬೇಕು. ನೋವಿಲ್ಲವಲ್ಲ ಎಂಬ ಧೈರ್ಯ ಸಕ್ಕರೆ ಕಾಯಿಲೆಯವರಿಗೆ ಬೇಡ.

ಆರು ತಿಂಗಳಾಯಿತು. ಅಪ್ಪನ ನಾಡಿ ಈಗಲೂ 90ರ ಹತ್ತಿರವೇ ಇದೆ. ತಲೆ ತಿರುಗುವುದು ನಿಂತಿದೆ. ಎದ್ದು ನಿಂತಾಗ ಬಿಪಿ 12–14ಕ್ಕಿಂತ ಹೆಚ್ಚು ಇಳಿಯುತ್ತಿಲ್ಲ. ಹೃದಯದ ರಕ್ತನಾಳಗಳ ಪರೀಕ್ಷೆಯೂ ಆಯಿತು, ಒಂದು ಕಡೆ ಸಣ್ಣ ತಡೆ ಇದೆ, ಔಷಧ ಸಾಕು ಎಂದಿದ್ದಾರೆ. ವಾಚು ಅವರಿಗೆ ಬೇಸರ ಬಂದು ಕಪಾಟಿನಲ್ಲಿದೆ. ಹಳೆಯ ಹಾಜರಿ ಪುಸ್ತಕದಂಥ ಒಂದು ನೋಟುಬುಕ್ಕಿನಲ್ಲಿ ದಿನಾ ಬೆಳಿಗ್ಗೆ ಅಮ್ಮ ಗಡಿಯಾರ ನೋಡುತ್ತಾಳೆ, ಅಪ್ಪ ಎಣಿಸುತ್ತಾರೆ, ಅಮ್ಮ ಬರೆಯುತ್ತಾಳೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಇಲ್ಲ. ಆದರೂ ಪಕ್ಕದ ಸಾಲಿನಲ್ಲಿ ಅವಳದ್ದೂ ಒಂದು ಅಂಕಿ ಇರುತ್ತದೆ.

ರವಿವಾರ ಫೋನ್ ಮಾಡಿದರೆ ಅಪ್ಪ ಏಳೂ ದಿನದ ಅಂಕಿ ಓದಿ ಹೇಳುತ್ತಾರೆ. ಮುಗಿದ ಮೇಲೆ ನನ್ನನ್ನು ಕೇಳುತ್ತಾರೆ: ‘ನಿಂದು ಎಷ್ಟು ಬಂತೋ ತಮ್ಮಾ, ಎಣಿಸಿದಿ ಇಲ್ಲೋ?’